ಹುಬ್ಬಳ್ಳಿ ಮನೆ, ಹಳ್ಳಿ ಶಾಲೆ, ನಡುವೆ ಒಂದು ಕಾರು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿ ಶಾಲೆಗಳಿಗೆ ತುಮಕೂರು, ಹಾಸನ, ಕರಾವಳಿ ಕಡೆಯಿಂದ ಬಂದು ಸೇರುವ ಶಿಕ್ಷಕರಲ್ಲಿ ಬಹಳಷ್ಟು ಮಂದಿ ಮೊದಲ ವರ್ಷದಲ್ಲೇ ಒಂದು ತೀರ್ಮಾನ ಮಾಡಿಬಿಡುತ್ತಾರೆ. ಮನೆ ಹುಬ್ಬಳ್ಳಿಯಲ್ಲಿ, ನೌಕರಿ ಹಳ್ಳಿಯಲ್ಲಿ, ದಿನಾಲೂ ಅಪ್‌ಡೌನ್. ಮೊದಲ ಕೆಲವು ತಿಂಗಳು ಬಸ್ಸು. ಬೆಳಗಿನ ಬಸ್ಸು ಒಂದೆರಡು ಸಲ ತಪ್ಪಿ, ಹಾಜರಾತಿ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದ ಮೇಲೆ ಕಾರು. ನೌಕರಿಯ ಮೊದಲ ಹತ್ತು ವರ್ಷಗಳಲ್ಲಿ ಶಿಕ್ಷಕರೊಬ್ಬರು ಕಳೆದುಕೊಳ್ಳುವ ಹಣದಲ್ಲಿ ದೊಡ್ಡ ಪಾಲು ಈ ಒಂದು ತೀರ್ಮಾನದಿಂದಲೇ ಹೋಗುತ್ತದೆ ಎಂಬುದು ನನ್ನ ವಾದ. ಕಾರು ಕೊಂಡಾಗ ಕಾರಿನ ಬೆಲೆಯನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಆ ಕಾರನ್ನು ಬೇಡಿದ್ದು ಹುಬ್ಬಳ್ಳಿಯ ಮನೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂಕಿಗಳನ್ನೇ ನೋಡೋಣ. ಮೂಲ ವೇತನ 45,000 ರೂಪಾಯಿ ಇರುವ, 2006ರ ಏಪ್ರಿಲ್ ನಂತರ ಸೇರಿದ ಶಿಕ್ಷಕರೊಬ್ಬರನ್ನು ಇಟ್ಟುಕೊಳ್ಳಿ. ಎನ್‌ಪಿಎಸ್ ಪಿಂಚಣಿ ವಂತಿಗೆ, ಕೆಜಿಐಡಿ ವಿಮೆ, ವೃತ್ತಿ ತೆರಿಗೆ ಎಲ್ಲ ಕಡಿತವಾಗಿ ಕೈಗೆ ಬರುವುದು ಸುಮಾರು 46,000. ಏಳನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸ ಮಾಡುವವರಿಗೆ ಮನೆ ಬಾಡಿಗೆ ಭತ್ಯೆ ಶೇ 15, ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಶೇ 7.5. ಭತ್ಯೆ ನಿಗದಿಯಾಗುವುದು ಕೆಲಸ ಮಾಡುವ ಊರಿನ ಮೇಲೆ, ವಾಸಿಸುವ ಊರಿನ ಮೇಲಲ್ಲ. ಅಂದರೆ ಸರ್ಕಾರ ಕೊಡುವುದು 3,375, ಹುಬ್ಬಳ್ಳಿಯ ಮಾಲೀಕರು ಎರಡು ಕೋಣೆಯ ಮನೆಗೆ ಕೇಳುವುದು 11,000. ಇನ್ನು ಕಾರು. ಆನ್ ರೋಡ್ 7 ಲಕ್ಷ, ಕೈಯಿಂದ 1 ಲಕ್ಷ, ಉಳಿದ 6 ಲಕ್ಷ ಶೇ 9.5ರ ಬಡ್ಡಿಗೆ ಏಳು ವರ್ಷದ ಸಾಲ. ಕಂತು 9,800. ಏಳು ವರ್ಷಕ್ಕೆ ಬಡ್ಡಿಯೇ 2 ಲಕ್ಷ 23 ಸಾವಿರ ದಾಟುತ್ತದೆ. ನವಲಗುಂದದ ಕಡೆಯ ಶಾಲೆಗೆ ಹೋಗಿ ಬರಲು ದಿನಕ್ಕೆ 80 ಕಿಲೋಮೀಟರ್, ತಿಂಗಳಿಗೆ 22 ದಿನವೆಂದರೆ 1,760. ಲೀಟರಿಗೆ 18 ಕಿಲೋಮೀಟರ್ ಕೊಟ್ಟರೂ 98 ಲೀಟರ್ ಪೆಟ್ರೋಲ್, ಲೀಟರಿಗೆ 103ರಂತೆ ಹತ್ತು ಸಾವಿರ. ವಿಮೆ, ಸರ್ವಿಸ್, ಟೈರು ಸೇರಿಸಿ ತಿಂಗಳಿಗೆ ಸರಾಸರಿ 2,500. ಕಾರಿಗೆ 22,300, ಮನೆಗೆ 11,000, ಒಟ್ಟು 33,300. ಕೈಗೆ ಬಂದ 46,000ದಲ್ಲಿ ಉಳಿಯುವುದು 12,700. ಊಟ, ಮಕ್ಕಳ ಫೀಸು, ಊರಿನಲ್ಲಿರುವ ತಂದೆ-ತಾಯಿಗೆ ಕಳಿಸುವ ಹಣ, ಎಲ್ಲವೂ ಇದರಲ್ಲೇ.

ಅದೇ ಶಿಕ್ಷಕರು ನವಲಗುಂದ ಪಟ್ಟಣದಲ್ಲಿ ಮನೆ ಹಿಡಿದರೆ ಬಾಡಿಗೆ 6,000. ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಗೆ ಸ್ಕೂಟರಿನಲ್ಲಿ ಹೋಗಿ ಬಂದರೆ ಪೆಟ್ರೋಲಿಗೆ 1,200. ಸ್ಕೂಟರಿನ ಸವಕಳಿ, ರಿಪೇರಿಗೆ 1,800. ತಿಂಗಳಲ್ಲಿ ಒಂದೆರಡು ಭಾನುವಾರ ಕುಟುಂಬದೊಂದಿಗೆ ಹುಬ್ಬಳ್ಳಿಗೆ ಹೋಗಿಬರಲು ಸಾವಿರ. ಒಟ್ಟು 10,000. ವ್ಯತ್ಯಾಸ 23,300. ಇದರ ಹೆಚ್ಚುಕಡಿಮೆ ಅರ್ಧ, ಅಂದರೆ 12,000 ಮಾತ್ರ ತಿಂಗಳು ತಿಂಗಳು ಶೇ 7ರ ಆಸುಪಾಸಿನ ಬಡ್ಡಿಯಲ್ಲಿ ಕೂಡಿಡಿ. ಏಳು ವರ್ಷಕ್ಕೆ ಸುಮಾರು 13 ಲಕ್ಷ. ಉಳಿದರ್ಧವನ್ನು ಮನಸ್ಸಿಗೆ ಬಂದಂತೆ ಖರ್ಚು ಮಾಡಿ, ನನ್ನ ತಕರಾರಿಲ್ಲ. ಅದೇ ಏಳು ವರ್ಷದ ಕೊನೆಗೆ ಕಾರಿನವರ ಬಳಿ ಇರುವುದು ಲಕ್ಷ ಕಿಲೋಮೀಟರ್ ಯಾವಾಗಲೋ ದಾಟಿದ ಹಳೆಯ ಕಾರು. ಇಲ್ಲಿನ ಬಾಡಿಗೆ ನಿಮ್ಮ ಊರಿನದಕ್ಕೆ ಹೊಂದದಿದ್ದರೆ ನಿಮ್ಮ ಅಂಕಿ ಹಾಕಿ ನೋಡಿ. ಐದು ಸಾವಿರ ಆಚೀಚೆ ಆದೀತು, ದಿಕ್ಕು ಬದಲಾಗದು.

ನಾಲ್ವರು ಕೂಡಿ ಒಂದೇ ಕಾರಿನಲ್ಲಿ ಹೋಗುತ್ತೇವಲ್ಲ, ಪೆಟ್ರೋಲ್ ಹಂಚಿಕೊಳ್ಳುತ್ತೇವಲ್ಲ ಎನ್ನುವವರಿದ್ದಾರೆ. ಒಪ್ಪೋಣ. ಪೆಟ್ರೋಲ್ 10,000 ಇದ್ದದ್ದು 2,500ಕ್ಕೆ ಇಳಿಯುತ್ತದೆ, ಆದರೆ ಕಂತು, ವಿಮೆ, ಟೈರು ಕಾರಿನ ಒಡೆಯರ ತಲೆಯ ಮೇಲೇ ಇರುತ್ತವೆ. ಬಸ್ಸಿನ ವಾದ ಇದಕ್ಕಿಂತ ಗಟ್ಟಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಶಿಕ್ಷಕಿಯರು ವಾಯವ್ಯ ಸಾರಿಗೆಯ ಬಸ್ಸಿನಲ್ಲೇ ಓಡಾಡಿದರೆ ಹುಬ್ಬಳ್ಳಿ ಮನೆಯ ಖರ್ಚು ಬಾಡಿಗೆಯ ವ್ಯತ್ಯಾಸಕ್ಕೆ ನಿಲ್ಲುತ್ತದೆ. ಕುಂದಗೋಳ, ಅಣ್ಣಿಗೇರಿಗೆ ರೈಲೂ ಇದೆ. ನವಲಗುಂದಕ್ಕೂ ಕಲಘಟಗಿಗೂ ರೈಲಿಲ್ಲ. ಆದ್ದರಿಂದ ನನ್ನ ವಿರೋಧ ಅಪ್‌ಡೌನಿಗಿಂತ ಹೆಚ್ಚಾಗಿ ಸಾಲದ ಕಾರಿನ ಅಪ್‌ಡೌನಿಗೆ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದೇ ಸವಾಯಿ ಗಂಧರ್ವರಲ್ಲಿ ಸಂಗೀತ ಪಾಠ ಮಾಡಿಸಿಕೊಂಡರು. ಅದೇ ಕಾಲದಲ್ಲಿ ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಉಳಿದು ಕಲಿತರು. ಎರಡು ದಾರಿಯಲ್ಲೂ ವಿದ್ಯೆ ಬಂತು, ಎರಡಕ್ಕೂ ಸಾಲ ಬೇಕಾಗಿರಲಿಲ್ಲ.

ಮಕ್ಕಳ ಶಾಲೆ, ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ಗಂಡ ಅಥವಾ ಹೆಂಡತಿ, ಇವು ನಿಜವಾದ ಕಾರಣಗಳು. ಸಂಗಾತಿ ಅಲ್ಲಿ ದುಡಿಯುತ್ತಿದ್ದರೆ ಮನೆ ಅಲ್ಲಿರಲಿ, ಎರಡು ಸಂಬಳದ ಮನೆಗೆ ಮೇಲಿನ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಮಕ್ಕಳ ವಿಷಯದಲ್ಲಿ ನನಗೆ ಅನುಮಾನವಿದೆ. ಒಂದನೆಯ, ಎರಡನೆಯ ತರಗತಿಯ ಮಗುವಿಗಾಗಿ ಏಳು ವರ್ಷದ ಸಾಲ ಹೊರುವ ಶಿಕ್ಷಕರು ತಾವು ಕಲಿಸುವ ಶಾಲೆಯ ಬಗ್ಗೆ ಏನು ಹೇಳಿದಂತಾಯಿತು? ನೀರಿನ ಮಾತೂ ಬರುತ್ತದೆ. ನವಲಗುಂದದಲ್ಲಿ ನಳದ ನೀರು ದಿನಾ ಬರುವುದಿಲ್ಲ, ಹೌದು. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲೂ ಬರುವುದಿಲ್ಲ. ಸ್ಕೂಟರಿನ ಕಷ್ಟವೂ ಇದೆ. ಮಳೆಗಾಲದಲ್ಲಿ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಸ್ಕೂಟರಿನ ಚಕ್ರವೇ ತಿರುಗದಂತಾಗುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ನಾಲ್ಕು ಹೆಜ್ಜೆಗೆ ಮತ್ತೆ ಮೆತ್ತಿಕೊಳ್ಳುತ್ತದೆ. ಅಂಥ ದಿನ ಸ್ಕೂಟರನ್ನು ಡಾಂಬರು ರಸ್ತೆಯ ಪಕ್ಕದ ಮನೆಯಲ್ಲಿ ನಿಲ್ಲಿಸಿ ನಡೆಯುವುದೇ ದಾರಿ. ಬೆಣ್ಣಿಹಳ್ಳ ರಸ್ತೆಯ ಮೇಲೆ ಬಂದರೆ ಕಾರೂ ದಾಟುವುದಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಲೆಕ್ಕದಲ್ಲಿ ಉತ್ತರವಿಲ್ಲ. ತಾಲ್ಲೂಕು ಪಟ್ಟಣಗಳಲ್ಲಿ ಮನೆ ಕೊಡುವಾಗ ಜಾತಿ, ಧರ್ಮ ಕೇಳುವವರಿದ್ದಾರೆ, ಒಂಟಿ ಮಹಿಳೆಗೆ ಮನೆ ಇಲ್ಲವೆನ್ನುವವರಿದ್ದಾರೆ. ಆ ಅವಮಾನ ತಪ್ಪಿಸಿಕೊಳ್ಳಲು ಹುಬ್ಬಳ್ಳಿಗೆ ಹೋದವರಿಗೆ ಉಳಿತಾಯದ ಪಾಠ ಹೇಳುವ ಹಕ್ಕು ನನಗಿಲ್ಲ. ಅವರ ಅಪ್‌ಡೌನ್ ಸರ್ಕಾರ ತುಂಬಬೇಕಾದ ಖರ್ಚು. ಜಪಾನ್ 1954ರಲ್ಲೇ ದೂರದ ಪ್ರದೇಶಗಳ ಶಿಕ್ಷಣಕ್ಕೆಂದು ಕಾಯ್ದೆ ಮಾಡಿ, ಅಲ್ಲಿ ಕೆಲಸ ಮಾಡುವ ಶಿಕ್ಷಕರಿಗೆ ವಸತಿ ಒದಗಿಸುವುದು, ವಿಶೇಷ ಭತ್ಯೆ ಕೊಡುವುದು ಆಡಳಿತದ ಹೊಣೆ ಎಂದು ಬರೆಯಿತು. 1987ರಿಂದ ಜೆಟ್ ಯೋಜನೆಯಲ್ಲಿ ಅಲ್ಲಿನ ಹಳ್ಳಿಗಳಿಗೆ ಇಂಗ್ಲಿಷ್ ಕಲಿಸಲು ಹೋಗುವ ವಿದೇಶಿ ಯುವಕರಲ್ಲಿ ಅನೇಕರಿಗೆ ಸ್ಥಳೀಯ ಶಿಕ್ಷಣ ಮಂಡಳಿಯೇ ಮನೆ ಹುಡುಕಿಕೊಡುತ್ತದೆ. ಭಾಷೆ ಬಾರದವರಿಗೂ ಅಲ್ಲಿ ಊರಿನಲ್ಲೇ ನೆಲೆ ಸಿಗುತ್ತದೆ. ನಾವೋ, ಹಳ್ಳಿಯಲ್ಲಿ ದುಡಿಯುವವರಿಗೆ ನಗರದವರ ಅರ್ಧ ದರದ ಬಾಡಿಗೆ ಭತ್ಯೆ ಕೊಟ್ಟು ಕೈತೊಳೆದುಕೊಂಡಿದ್ದೇವೆ. ಶಿಕ್ಷಕರ ಸಂಘಗಳು ಪಿಂಚಣಿಗೆ ಹೋರಾಡಿದಷ್ಟೇ ಗಟ್ಟಿಯಾಗಿ ತಾಲ್ಲೂಕು ಕೇಂದ್ರಗಳಲ್ಲಿ ವಸತಿಗೃಹ ಕೇಳಬೇಕು.

ಕಾರಿನ ಹಾಗೆ ಹಣ ಸೋರುವ ಇನ್ನೊಂದು ದಾರಿ ಸ್ಟಾಫ್ ರೂಮಿಗೇ ಬಂದು ಕೂರುವ ಮನಿಬ್ಯಾಕ್, ಎಂಡೋಮೆಂಟ್ ಪಾಲಿಸಿಗಳು. ಇವುಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಸರ್ಕಾರಿ ಶಿಕ್ಷಕರಿಗೆ ಕೆಜಿಐಡಿ ಕಡ್ಡಾಯವಾಗಿಯೇ ಇದೆ, ಅದಕ್ಕಿಂತ ಹೆಚ್ಚಿನ ರಕ್ಷಣೆ ಬೇಕಾದರೆ ಟರ್ಮ್ ಪಾಲಿಸಿ ಸಾಕು. ತೆರಿಗೆ ಉಳಿಯುತ್ತದೆ ಎಂಬ ಮಾತನ್ನು ಇನ್ನೂ ಹೇಳಿ ಮಾರುತ್ತಿದ್ದಾರೆ. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ ವಿನಾಯಿತಿ ಇಲ್ಲವೇ ಇಲ್ಲ, 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೂ ಇಲ್ಲ. ವರ್ಷಕ್ಕೆ ಏಳು ಲಕ್ಷ ಮುಟ್ಟದ ಸಂಬಳದವರು ಉಳಿಸುವ ತೆರಿಗೆ ಯಾವುದು? 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲೆ ಜಿಎಸ್‌ಟಿ ಹೋಯಿತೆಂದು ಕುಣಿಯಬೇಕಾಗಿಲ್ಲ, ಕೆಟ್ಟ ಸರಕು ಸ್ವಲ್ಪ ಅಗ್ಗವಾಯಿತು ಅಷ್ಟೇ. ಸಹೋದ್ಯೋಗಿಯ ಹೆಂಡತಿ ಏಜೆಂಟರು, ಇಲ್ಲವೆನ್ನಲಾಗದು ಎಂಬ ದಾಕ್ಷಿಣ್ಯಕ್ಕೆ ಇಪ್ಪತ್ತು ವರ್ಷ ಪ್ರೀಮಿಯಂ ಕಟ್ಟುವುದು ಬೇಡ. ಅವರ ಮಗಳ ಮದುವೆಗೆ ಒಳ್ಳೆಯ ಉಡುಗೊರೆ ಕೊಡಿ, ಅದು ಅಗ್ಗ.

ಹಣಕ್ಕಿಂತ ಸಂಜೆಗಳ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ದಿನಕ್ಕೆ ಎರಡೂವರೆ ತಾಸು ರಸ್ತೆಯಲ್ಲಿ ಕಳೆದರೆ ಶಾಲಾ ವರ್ಷದಲ್ಲಿ ಐದುನೂರು ತಾಸು ದಾಟುತ್ತದೆ. ಅಷ್ಟು ದಣಿದವರ ಹವ್ಯಾಸ ಮೊಬೈಲು, ಭಾನುವಾರ ಬಂದರೆ ಮಾಲು, ಹೋಟೆಲು. ಎರಡೂ ಹಣ ಕೇಳುತ್ತವೆ. ತಾಲ್ಲೂಕಿನಲ್ಲೇ ಉಳಿದವರಿಗೆ ಸಂಜೆ ಐದಕ್ಕೆ ದಿನ ಮತ್ತೆ ಶುರುವಾಗುತ್ತದೆ. ಕುಂದಗೋಳದಲ್ಲಿ ಹಾರ್ಮೋನಿಯಂ, ತಬಲಾ ಕಲಿಯಬಹುದು, ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ಕೇಳಬಹುದು. ನವಲಗುಂದದಲ್ಲಿ ಜಮಖಾನ ನೇಯುವ ಹೆಂಗಸರ ಮಗ್ಗದ ಮುಂದೆ, ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಹಚ್ಚುವವರ ಮುಂದೆ ಒಂದು ತಾಸು ಕುಳಿತು ಮಾತಾಡಬಹುದು. ಚಳಿಗಾಲದ ಒಂದು ಭಾನುವಾರ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಕಾಣುತ್ತದೆ. ಭಜನಾ ಮೇಳದಲ್ಲಿ ತಾಳ ಹಿಡಿದವರಿಗೆ ಊರಿನ ಭಾಷೆ ತಾನಾಗಿ ಬರುತ್ತದೆ. ಹೊರಗಿನಿಂದ ಬಂದವರ ಒಂಟಿತನಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಾಣೆ. ಖರ್ಚು ಕಡಿಮೆಯಾಗುವುದೂ ಇಂಥ ರೂಢಿಯಿಂದಲೇ, ಜಮಾ-ಖರ್ಚಿನ ಡೈರಿಯಿಂದಲ್ಲ.

ಹನ್ನೆರಡು ಸಾವಿರದ ಆಸುಪಾಸಿನ ಗೌರವಧನದಲ್ಲಿ ದುಡಿಯುವ ಅತಿಥಿ ಶಿಕ್ಷಕರಿಗೆ ಈ ಯಾವ ಲೆಕ್ಕವೂ ಅಲ್ಲ, ಅವರಿಗೆ ಬೇಕಿರುವುದು ಸಂಬಳ. ಕಾರು ಈಗಾಗಲೇ ಕೊಂಡ ಕಾಯಂ ಶಿಕ್ಷಕರು ಮಾತ್ರ ಎರಡು ಕೆಲಸ ಮಾಡಬಹುದು. ತುಟ್ಟಿಭತ್ಯೆಯ ಬಾಕಿ, ಗಳಿಕೆ ರಜೆ ನಗದೀಕರಣದ ಹಣ ಬಂದಾಗ ಅದನ್ನು ಸಾಲದ ಅಸಲಿಗೇ ಕಟ್ಟಿ. ಅದಕ್ಕೆ ಮುಂಚೆ ಅವಧಿಪೂರ್ವ ಪಾವತಿಗೆ ಶುಲ್ಕ ಎಷ್ಟೆಂದು ಬ್ಯಾಂಕಿನಲ್ಲಿ ಬರಹದಲ್ಲಿ ಕೇಳಿ ಪಡೆಯಿರಿ. ಮನೆಯ ಬಾಡಿಗೆ ಕರಾರು ಮುಗಿಯುವ ತಿಂಗಳು ಯಾವುದೆಂದು ತೆಗೆದು ನೋಡಿ, ಏಪ್ರಿಲ್-ಮೇ ರಜೆಯಲ್ಲಿ ತಾಲ್ಲೂಕು ಕೇಂದ್ರದಲ್ಲಿ ಮನೆ ಹುಡುಕಿ. ಜೂನ್ ಬಂದ ಮೇಲೆ ಹುಡುಕಿದರೆ ಒಳ್ಳೆಯ ಮನೆಗಳು ಹೋಗಿರುತ್ತವೆ.