ವಿದೇಶದ ಅಧ್ಯಯನ ಪ್ರವಾಸ: ನಮ್ಮ ಮಕ್ಕಳು ನೋಡಬೇಕಾದ್ದೇನು?



ಬೆಳೆಗಾರರ ಮನೆಗಳಿಂದಲೂ ಈಗ ಮಕ್ಕಳು ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೋಗುತ್ತಿದ್ದಾರೆ. ವಾಣಿಜ್ಯ, ವ್ಯವಹಾರ ನಿರ್ವಹಣೆ ಓದುವವರಿಗೆ ಅಲ್ಲಿನ ಕಾಲೇಜುಗಳು ಒಂದು ವಾರವೋ ಹತ್ತು ದಿನವೋ ಅಧ್ಯಯನ ಪ್ರವಾಸ ಏರ್ಪಡಿಸುವುದುಂಟು. ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಬ್ಯಾಂಕು, ಸಂಜೆ ಅರಮನೆಯೋ ವಸ್ತುಸಂಗ್ರಹಾಲಯವೋ. ಸಂಜೆಯ ಭಾಗಕ್ಕೆ ನನ್ನ ಆಕ್ಷೇಪಣೆಯಿಲ್ಲ. ಹುಡುಗರು ನಾಲ್ಕು ಊರು ನೋಡಲಿ. ಆದರೆ ಖರ್ಚು ತೋಟದ ಹುಟ್ಟುವಳಿಯಿಂದ ಹೋಗುವುದರಿಂದ, ಬೆಳಗಿನ ಭಾಗದಲ್ಲಿ ಏನು ನೋಡಬೇಕೆಂಬುದನ್ನು ಸ್ವಲ್ಪ ವಿಚಾರಿಸೋಣ.

ಪರದೇಶಕ್ಕೆ ಹೋಗುವ ಮುನ್ನ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಗಿಬರೋಣ. ಬೆಂಗಳೂರಿನಿಂದ ಕೋಲಾರದ ಹೆದ್ದಾರಿಯಲ್ಲಿ ಸಿಗುವ ಊರು. ಸುತ್ತಮುತ್ತ ರಾಗಿ, ಹಿಪ್ಪುನೇರಳೆ, ಟೊಮೆಟೊ ಬೆಳೆಯುವ ಸೀಮೆ. ಅಲ್ಲಿ ಕೈಗಾರಿಕಾ ಪ್ರದೇಶವಾಗಿ, 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಕೆಲಸ ಆರಂಭಿಸಿತು. ಆಮೇಲೆ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುವ ಕಾರ್ಖಾನೆ ತೆರೆಯಿತು. ಹೊರದೇಶದ ವಿದ್ಯಾರ್ಥಿಯೊಬ್ಬ 2020ರ ನವೆಂಬರಿನಲ್ಲಿ ಅಲ್ಲಿಗೆ ಬಂದಿದ್ದರೆ ಏನು ಕಾಣುತ್ತಿದ್ದ? ಥಳಥಳಿಸುವ ನೆಲ, ಸಾಲು ಸಾಲು ಕೆಲಸಗಾರರು, ಹೊಸ ಯಂತ್ರಗಳು. ಡಿಸೆಂಬರ್ 12ರಂದು ಅದೇ ಕೆಲಸಗಾರರು ಸಂಬಳದ ವಿಚಾರದಲ್ಲಿ ರೊಚ್ಚಿಗೆದ್ದು ಗಾಜು, ಯಂತ್ರಗಳನ್ನು ಒಡೆದರು. ಸಂಬಳ ಪಾವತಿಯಲ್ಲಿ ಲೋಪವಾದದ್ದನ್ನು ಕಂಪನಿಯೂ ಒಪ್ಪಿಕೊಂಡಿತು. ಅನೇಕರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಯಾರಿಗೆ ಎಷ್ಟು, ಯಾವಾಗ ಬರುತ್ತದೆಂಬ ಲೆಕ್ಕ ಪ್ರವಾಸಿಯ ಕಣ್ಣಿಗೆ ಬೀಳುವಂಥದಲ್ಲ, ಕೇಳಿದರೆ ಮಾತ್ರ ತಿಳಿಯುವಂಥದು. ಆ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಬಂತು.

ಇದೇ ಕಣ್ಣಿನಿಂದ ಹಾಲೆಂಡಿನ ಆಲ್ಸ್‌ಮೇರ್ ಹೂವಿನ ಹರಾಜು ಕಟ್ಟೆಯನ್ನು ನೋಡಬೇಕು. ಆಮ್ಸ್ಟರ್‌ಡ್ಯಾಮ್ ಬಳಿಯ ಸ್ಖಿಪೋಲ್ ವಿಮಾನ ನಿಲ್ದಾಣದ ಹತ್ತಿರವೇ ಇದೆ. ಸಂದರ್ಶಕರಿಗೆ ಮೇಲ್ಗಡೆ ನಡೆಯುವ ದಾರಿ ಮಾಡಿದ್ದಾರೆ. ಕೆಳಗೆ ಹೂವಿನ ಬಂಡಿಗಳು ರೈಲಿನಂತೆ ಓಡುತ್ತಿರುತ್ತವೆ. ಕಟ್ಟಡದ ವಿಸ್ತಾರ ಐದು ಲಕ್ಷ ಚದರ ಮೀಟರಿಗೂ ಹೆಚ್ಚು, ಅಂದರೆ ಸುಮಾರು 125 ಎಕರೆ ಒಂದೇ ಸೂರಿನಡಿ. ಬೆಲೆ ನಮ್ಮಲ್ಲಿಯ ಕೂಗು ಹರಾಜಿನಂತೆ ಏರುವುದಿಲ್ಲ, ಇಳಿಯುತ್ತದೆ. ಗಡಿಯಾರದಂಥ ಫಲಕದಲ್ಲಿ ದರ ಮೇಲಿನಿಂದ ಕೆಳಕ್ಕೆ ಬರುವಾಗ ಯಾರು ಮೊದಲು ಗುಂಡಿ ಒತ್ತುವನೋ ಮಾಲು ಅವನದು. ಒಂದು ರಾಶಿಯ ವ್ಯಾಪಾರ ಕೆಲವೇ ಸೆಕೆಂಡು. ಇಂದು ಬಹುಪಾಲು ಖರೀದಿದಾರರು ಕಟ್ಟೆಗೆ ಬರುವುದೇ ಇಲ್ಲ. ತಮ್ಮ ಕಚೇರಿಯಲ್ಲಿ ಕುಳಿತು ಕಂಪ್ಯೂಟರಿನಲ್ಲೇ ಒತ್ತುತ್ತಾರೆ.

ಗಡಿಯಾರದ ಫೋಟೋ ತೆಗೆದು ಬಂದರೆ ಅರ್ಧ ನೋಡಿದಂತೆ. ಆ ಕಟ್ಟೆ ಯಾರದು? ಬೆಳೆಗಾರರದು. ದಲ್ಲಾಳಿ ಹೇಳಿದ್ದೇ ಬೆಲೆಯಾಗಿದ್ದ ಕಾಲದಲ್ಲಿ ಆಲ್ಸ್‌ಮೇರಿನ ಹೂ ಬೆಳೆಗಾರರು 1911–12ರಲ್ಲಿ ತಮ್ಮದೇ ಎರಡು ಹರಾಜು ಸಂಘ ಕಟ್ಟಿದರು. ಎದುರಾಳಿಗಳಾಗಿ ಐವತ್ತಾರು ವರ್ಷ ನಡೆದ ಅವೆರಡೂ 1968ರಲ್ಲಿ ಒಂದಾದವು (ಸಹಕಾರಿಗಳು ಜಗಳವಾಡುವುದು ನಮ್ಮ ತಾಲ್ಲೂಕಿನಲ್ಲಷ್ಟೇ ಅಲ್ಲ). 1972ರಲ್ಲಿ ಹೊಸ ಕಟ್ಟಡ, 2008ರಲ್ಲಿ ಇನ್ನೊಂದು ದೊಡ್ಡ ಸಹಕಾರಿಯೊಡನೆ ವಿಲೀನ.

ಸಂಘ ನಿಂತದ್ದು ಮೂರು ಕಟ್ಟುಪಾಡಿನ ಮೇಲೆ. ಸದಸ್ಯ ತನ್ನ ಮಾಲನ್ನು ಕಟ್ಟೆಯ ಮೂಲಕವೇ ಮಾರಬೇಕು. ಒಳ್ಳೆಯದನ್ನು ಖಾಸಗಿಯವನಿಗೆ ಕೊಟ್ಟು ಉಳಿದದ್ದನ್ನು ಸಂಘಕ್ಕೆ ತರುವಂತಿರಲಿಲ್ಲ. ಕಾಲಕ್ರಮದಲ್ಲಿ ನೇರ ವ್ಯಾಪಾರಕ್ಕೂ ದಾರಿಯಾಯಿತು, ಆದರೆ ಬೇರು ಬಿಟ್ಟದ್ದು ಆ ಕಟ್ಟುಪಾಡಿನಿಂದ. ಎರಡನೆಯದು ದರ್ಜೆ: ಮಾಲಿನ ಗುಣವನ್ನು ಪರೀಕ್ಷಕರು ನೋಡುತ್ತಾರೆ, ಆದ್ದರಿಂದಲೇ ಹೂ ಮುಟ್ಟದವನೂ ಧೈರ್ಯವಾಗಿ ಗುಂಡಿ ಒತ್ತುತ್ತಾನೆ. ಮೂರನೆಯದು ಹಣ. ಖರೀದಿದಾರನಿಂದ ವಸೂಲಿ ಮಾಡುವ ಹೊಣೆ ಕಟ್ಟೆಯದು. ಬೆಳೆಗಾರ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಗಿಲ್ಲ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಅಡಿಕೆ ಬೆಲೆ ಕುಸಿದ ಕಾಲದಲ್ಲೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು, 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಕಾಫಿಗೆ 1996ರಲ್ಲಿ ಪೂಲ್ ಪದ್ಧತಿ ಪೂರ್ಣವಾಗಿ ಕೊನೆಗೊಂಡ ಮೇಲೆ ಪ್ರತಿಯೊಬ್ಬನೂ ತನ್ನ ಚೆರಿ ಮೂಟೆಯೊಂದಿಗೆ ಒಬ್ಬನೇ ವ್ಯಾಪಾರಿಯ ಮುಂದೆ ನಿಂತ. ಮೂಟೆಯ ಮಾದರಿ ನೋಡಿ ಓ.ಟಿ. ಎಷ್ಟೆಂದು ಹೇಳುವವನೂ, ಕೊಳ್ಳುವವನೂ ಒಬ್ಬನೇ ಆದಾಗ ಏನಾಗುತ್ತದೆಂದು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ದರ್ಜೆ ಕಟ್ಟುವವನು ಬೇರೆ, ಕೊಳ್ಳುವವನು ಬೇರೆ ಎಂಬ ಆಲ್ಸ್‌ಮೇರಿನ ಏರ್ಪಾಡನ್ನು ವಿದ್ಯಾರ್ಥಿ ಬಿಡಿಸಿ ತಿಳಿದು ಬಂದರೆ ಗಡಿಯಾರ ತರದಿದ್ದರೂ ಸರಿಯೆ.

ಕೋಲಾರ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿದ್ದರು. ಅವರಾಗ ವಿದ್ಯಾರ್ಥಿಯಲ್ಲ, ಮುಂಬಯಿ ಸರ್ಕಾರದ ಎಂಜಿನಿಯರು. ಮುಂದೆ ದಿವಾನರಾದಾಗ ಕಾರ್ಖಾನೆಗಳ ಜೊತೆಗೆ 1913ರಲ್ಲಿ ಮೈಸೂರು ಬ್ಯಾಂಕನ್ನೂ, 1916ರಲ್ಲಿ ವಾಣಿಜ್ಯ ಮಂಡಲಿಯನ್ನೂ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದರು. ಅವರ ದೃಷ್ಟಿ ಯಂತ್ರದ ಹಿಂದಿನ ಏರ್ಪಾಡಿನವರೆಗೂ ಹೋಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ಹೊರಡುವ ಹುಡುಗ ಹುಡುಗಿಯರು ಯಾವ ಸಂಸ್ಥೆಗೆ ಹೋದರೂ ಮಾರ್ಗದರ್ಶಕನನ್ನು ಇಷ್ಟು ಕೇಳಲಿ: ಒಡೆತನ ಯಾರದು, ದರ್ಜೆ ಕಟ್ಟುವವರಾರು, ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ, ಮಾಲು ಮಾರಾಟವಾಗದಿದ್ದರೆ ನಷ್ಟ ಯಾರಿಗೆ. ಉತ್ತರವನ್ನು ಆ ದಿನವೇ ಬರೆದಿಡಲಿ. ನಮ್ಮ ಸಂಘದ ಲೆಕ್ಕ ಗೊತ್ತಿಲ್ಲದವನಿಗೆ ಪರರ ಲೆಕ್ಕ ಕೇಳಲು ಬಾಯಿ ಬರುವುದಿಲ್ಲವಾದ್ದರಿಂದ, ಹೊರಡುವ ಮುನ್ನ ಕಚೇರಿಗೆ ಬಂದು ವಾರ್ಷಿಕ ವರದಿಯ ಒಂದು ಪ್ರತಿ ಒಯ್ಯಲಿ. ಪ್ರತಿಗಳು ಗುಮಾಸ್ತರಲ್ಲಿ ಸಿಗುತ್ತವೆ.