ಒಂದು ‘ಮತ್ತು’, ಒಂದು ‘ಅಥವಾ’: ಐವರಿ ಕೋಸ್ಟ್‌ನಲ್ಲಿ ‘ನಮ್ಮವರು ಯಾರು’ ಅನ್ನೋ ಜಗಳ

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ: ಕೋಕೋ ಮತ್ತು ಫುಟ್‌ಬಾಲ್ ಆಟಗಾರ ದ್ರೊಗ್ಬಾ. ಪ್ರಪಂಚದ ಕೋಕೋದಲ್ಲಿ ಸುಮಾರು ಶೇ. 40 ಈ ಒಂದೇ ದೇಶದಿಂದ ಬರುತ್ತೆ, ಹಾಗಾಗಿ ಪರೀಕ್ಷೆ ಹಿಂದಿನ ರಾತ್ರಿ ನಾವು ತಿನ್ನೋ ಚಾಕಲೇಟ್‌ನಲ್ಲೂ ಅಲ್ಲಿಯ ಪಾಲು ಇರೋ ಸಾಧ್ಯತೆ ಹೆಚ್ಚು. ಈ ದೇಶ 2002ರಿಂದ 2011ರ ನಡುವೆ ಎರಡು ಸಲ ಅಂತರ್ಯುದ್ಧ ಕಂಡಿತು. ಇದನ್ನು ‘ಮುಸ್ಲಿಂ ಉತ್ತರ, ಕ್ರೈಸ್ತ ದಕ್ಷಿಣ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡೋದು ರೂಢಿ. ಆ ಸಾಲು ಪೂರ್ತಿ ಸುಳ್ಳಲ್ಲ, ಆದರೆ ಅದರಿಂದ ಏನೂ ಅರ್ಥವಾಗೋದಿಲ್ಲ. ಅಲ್ಲಿ 60ಕ್ಕೂ ಹೆಚ್ಚು ಜನಸಮುದಾಯಗಳಿವೆ. ಅವು ಬಹುಕಾಲ ಜೊತೆಗೇ ಬದುಕಿದ್ದವು. ಅವರ ನಡುವಿನ ವ್ಯತ್ಯಾಸ ಅಪಾಯಕಾರಿಯಾಗಿದ್ದು ಅದು ಗುರುತಿನ ಚೀಟಿಯ ಪ್ರಶ್ನೆಯಾದಾಗ.

ಮೊದಲು ಸ್ವಲ್ಪ ಹಿನ್ನೆಲೆ. ದಕ್ಷಿಣ ಮತ್ತು ಮಧ್ಯಭಾಗದಲ್ಲಿ ಆಕಾನ್ ಗುಂಪಿನವರು ಹೆಚ್ಚು, ಅವರಲ್ಲಿ ಬಾವುಲೆ ಸಮುದಾಯ ದೊಡ್ಡದು. ನೈರುತ್ಯದ ಕಾಡಿನ ಸೀಮೆಯಲ್ಲಿ ಬೆಟೆ, ಪಶ್ಚಿಮದಲ್ಲಿ ಡಾನ್, ಉತ್ತರದಲ್ಲಿ ಮಲಿಂಕೆ ಮತ್ತು ಸೆನುಫೊ ಜನ. ಉತ್ತರದವರ ದ್ಯುಲಾ ಭಾಷೆ ದೇಶದ ಎಷ್ಟೋ ಸಂತೆಗಳಲ್ಲಿ ವ್ಯಾಪಾರದ ಭಾಷೆ, ಆಡಳಿತದ ಭಾಷೆ ಮಾತ್ರ ಫ್ರೆಂಚ್. ಅಂದಹಾಗೆ, ಯುರೋಪಿನ ವಿಷಯ ಬಂದರೆ ‘ಜನಾಂಗ’ ಅಂತ ಬರೆಯೋ ನಾವು ಆಫ್ರಿಕಾ ಅಂದ ಕೂಡಲೇ ‘ಬುಡಕಟ್ಟು’ ಅಂತ ಬರೆದುಬಿಡ್ತೀವಿ. ಲಕ್ಷಗಟ್ಟಲೆ ಜನರಿರುವ, ನಗರಗಳಲ್ಲಿ ವಕೀಲರೂ ಡಾಕ್ಟರುಗಳೂ ಇರುವ ಸಮುದಾಯಕ್ಕೆ ಆ ಪದ ಯಾಕೆ ಅಂತ ಒಮ್ಮೆ ಕೇಳಿಕೊಳ್ಳಬಹುದು.

ಕೋಕೋ ಬೆಳೆಯೋದು ದಕ್ಷಿಣದ ಕಾಡಿನ ಮಣ್ಣಿನಲ್ಲಿ, ಕೆಲಸಕ್ಕೆ ಜನ ಬಂದಿದ್ದು ಉತ್ತರದಿಂದ. ಇಲ್ಲಿ ಒಂದು ಇಸವಿ ನೆನಪಿಟ್ಟುಕೊಳ್ಳಬೇಕು. 1932ರಲ್ಲಿ ಫ್ರೆಂಚರು ಪಕ್ಕದ ಅಪ್ಪರ್ ವೋಲ್ಟಾ ವಸಾಹತನ್ನು, ಅಂದರೆ ಇಂದಿನ ಬುರ್ಕಿನಾ ಫಾಸೊವನ್ನು, ರದ್ದು ಮಾಡಿ ಅದರ ದೊಡ್ಡ ಭಾಗವನ್ನು ಐವರಿ ಕೋಸ್ಟ್‌ಗೆ ಸೇರಿಸಿದರು. 1947ರಲ್ಲಿ ಮತ್ತೆ ಬೇರೆ ಮಾಡಿದರು. ನಡುವಿನ 15 ವರ್ಷ ಅಲ್ಲಿಂದ ಕೋಕೋ ತೋಟಕ್ಕೆ ಬಂದವರು ಗಡಿ ದಾಟಲೇ ಇಲ್ಲ, ಒಂದೇ ವಸಾಹತಿನೊಳಗೆ ಊರು ಬದಲಿಸಿದರು ಅಷ್ಟೆ. ಅವರ ಮೊಮ್ಮಕ್ಕಳು ಮುಂದೆ ‘ಹೊರಗಿನವರು’ ಆದರು.

1960ರ ಆಗಸ್ಟ್ 7ರಂದು ಸ್ವಾತಂತ್ರ್ಯ ಬಂತು. ಮೊದಲ ಅಧ್ಯಕ್ಷ ಫೆಲಿಕ್ಸ್ ಊಫ್ವೆ-ಬ್ವಾನಿ, ಬಾವುಲೆ ಸಮುದಾಯದವರು, 33 ವರ್ಷ ಆಳಿದರು. ಭೂಮಿಯನ್ನು ಯಾರು ಹಸನು ಮಾಡ್ತಾರೋ ಅದು ಅವರದ್ದೇ ಅನ್ನೋದು ಅವರ ನೀತಿ. ಉತ್ತರದವರು, ಬುರ್ಕಿನಾದವರು, ಮಾಲಿಯವರು, ಅಷ್ಟೇ ಅಲ್ಲ ಬಾವುಲೆ ರೈತರೂ ನೈರುತ್ಯಕ್ಕೆ ಹೋಗಿ ಕಾಡು ಕಡಿದು ತೋಟ ಮಾಡಿದರು. ಸ್ಥಳೀಯ ಬೆಟೆ ಜನರಿಗೆ ಒಳಗೊಳಗೇ ಅಸಮಾಧಾನವಿತ್ತು. ಕೋಕೋಗೆ ಒಳ್ಳೆ ಬೆಲೆ ಇದ್ದಷ್ಟು ದಿನ ಅದು ದೊಡ್ಡದಾಗಲಿಲ್ಲ. 1980ರ ದಶಕದಲ್ಲಿ ಬೆಲೆ ಕುಸಿಯಿತು. ನಗರದಲ್ಲಿ ಕೆಲಸ ಸಿಗದ ಹುಡುಗರು ಹಳ್ಳಿಗೆ ವಾಪಸು ಬಂದರೆ ಅಪ್ಪ ಯಾರಿಗೋ ಕೊಟ್ಟ ಜಮೀನು ಈಗ ಅವರ ಕೈಯಲ್ಲಿ. ಊಫ್ವೆ ಕೂಡ ದೇವರಲ್ಲ. ಏಕಪಕ್ಷದ ಆಡಳಿತ, ಭಿನ್ನಮತಕ್ಕೆ ಜಾಗ ಕಡಿಮೆ. ಆದರೆ ಹುಟ್ಟಿನ ಪ್ರಶ್ನೆಯನ್ನು ಅವರು ರಾಜಕೀಯದ ಆಯುಧ ಮಾಡಿಕೊಳ್ಳಲಿಲ್ಲ.

1993ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಅಧಿಕಾರಕ್ಕೆ ಪೈಪೋಟಿ ಇದ್ದದ್ದು ಇಬ್ಬರ ನಡುವೆ. ಒಬ್ಬರು ಸಂಸತ್ತಿನ ಅಧ್ಯಕ್ಷ ಆನ್ರಿ ಕೊನಾನ್ ಬೆಡಿಯೆ, ಬಾವುಲೆ. ಇನ್ನೊಬ್ಬರು ಪ್ರಧಾನಿ ಅಲಾಸಾನ್ ವಾತಾರಾ, ಉತ್ತರದ ಮುಸ್ಲಿಂ. ಸಂವಿಧಾನದ ಪ್ರಕಾರ ಬೆಡಿಯೆ ಅಧ್ಯಕ್ಷರಾದರು. ಮುಂದಿನ ಚುನಾವಣೆಯಲ್ಲಿ ವಾತಾರಾ ನಿಲ್ಲದಂತೆ ತಡೆಯೋದು ಹೇಗೆ? ಉತ್ತರವಾಗಿ ಬಂದದ್ದು ‘ಇವ್ವಾರಿತೆ’. ಕನ್ನಡತನ ಅಂತೀವಲ್ಲ, ಹಾಗೆ ‘ಐವರಿಯನ್‌ತನ’. ಈ ಪದ ಮೊದಲು ಸಾಂಸ್ಕೃತಿಕ ಹೆಮ್ಮೆಯ ಅರ್ಥದಲ್ಲೂ ಬಳಕೆಯಲ್ಲಿತ್ತು. ಬೆಡಿಯೆ ಕಾಲದಲ್ಲಿ ಅದು ಅಸಲಿ ಪ್ರಜೆ ಯಾರು, ನಕಲಿ ಯಾರು ಅಂತ ಸೋಸುವ ಜರಡಿಯಾಯಿತು.

1994ರ ಡಿಸೆಂಬರ್‌ನ ಚುನಾವಣಾ ಕಾಯ್ದೆ ಹೇಳಿದ್ದು ಇಷ್ಟು: ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರ ತಂದೆ ಮತ್ತು ತಾಯಿ ಇಬ್ಬರೂ ಹುಟ್ಟಿನಿಂದ ಐವರಿಯನ್ ಆಗಿರಬೇಕು, ಅಭ್ಯರ್ಥಿ ಹಿಂದಿನ ಐದು ವರ್ಷ ದೇಶದಲ್ಲೇ ವಾಸವಾಗಿರಬೇಕು. ವಾತಾರಾ ಆಗ ವಾಷಿಂಗ್ಟನ್‌ನಲ್ಲಿ ಐಎಂಎಫ್ ಅಧಿಕಾರಿ. ಅವರ ತಂದೆ ಬುರ್ಕಿನಾದವರು ಅನ್ನೋದು ವಿರೋಧಿಗಳ ವಾದ, ಇಬ್ಬರೂ ಐವರಿಯನ್ನರೇ ಅನ್ನೋದು ಅವರ ವಾದ. ಈಗ ಲೆಕ್ಕ ಹಾಕಿ ನೋಡಿ. ದೇಶ ಹುಟ್ಟಿದ್ದೇ 1960ರಲ್ಲಿ. ಅಧ್ಯಕ್ಷರಾಗೋ ವಯಸ್ಸಿನ ಯಾವ ನಾಯಕರ ಅಪ್ಪ-ಅಮ್ಮನೂ ಹುಟ್ಟಿದಾಗ ‘ಐವರಿಯನ್ ಪ್ರಜೆ’ ಆಗಿರಲು ಸಾಧ್ಯವೇ ಇರಲಿಲ್ಲ. ಎಲ್ಲರೂ ಫ್ರೆಂಚ್ ವಸಾಹತಿನ ಆಳುಗಳಾಗಿಯೇ ಹುಟ್ಟಿದವರು! ಹೀಗಿರುವಾಗ ಈ ನಿಯಮವನ್ನು ಯಾರ ಮೇಲೆ ಹಾಕಬೇಕು ಅನ್ನೋದನ್ನು ಕಾಗದ ತೀರ್ಮಾನಿಸೋದಿಲ್ಲ, ಅಧಿಕಾರದಲ್ಲಿರೋರು ತೀರ್ಮಾನಿಸ್ತಾರೆ.

ಇದು ಒಬ್ಬ ನಾಯಕನ ತಲೆನೋವಾಗಿ ಉಳಿಯಲಿಲ್ಲ. ವಾತಾರಾ, ಕುಲಿಬಾಲಿ, ಕೊನೆ ತರಹದ ಉತ್ತರದ ಹೆಸರುಗಳು ಗಡಿಯ ಆಚೆಗೂ ಇವೆ. ಪೊಲೀಸರ ತಪಾಸಣೆಯಲ್ಲಿ ಹೆಸರು ನೋಡಿಯೇ ಸಂಶಯ, ಇರುವ ಗುರುತಿನ ಚೀಟಿಗೂ ಬೆಲೆ ಇಲ್ಲ. ವಿದೇಶಿಯರಿಗೆ ವಾಸದ ಕಾರ್ಡ್ ಕಡ್ಡಾಯ ಮಾಡಿದ್ದು ವಾತಾರಾ ಪ್ರಧಾನಿಯಾಗಿದ್ದಾಗಲೇ ಅನ್ನೋದನ್ನೂ ಹೇಳಬೇಕು. 1998ರ ಭೂಕಾಯ್ದೆ ಬಂದಾಗ ಗ್ರಾಮೀಣ ಜಮೀನಿನ ಒಡೆತನ ಐವರಿಯನ್ನರಿಗೆ ಮಾತ್ರ ಅಂತಾಯಿತು. ಅದೇ ವರ್ಷದ ಜನಗಣತಿಯ ಪ್ರಕಾರ ದೇಶದ ನಿವಾಸಿಗಳಲ್ಲಿ ಶೇ. 26 ವಿದೇಶಿಯರು. ಅವರಲ್ಲಿ ಬಹಳ ಜನ ಅಲ್ಲೇ ಹುಟ್ಟಿದವರು, ಆದರೆ 1972ರಲ್ಲಿ ಪೌರತ್ವ ಕಾಯ್ದೆ ಬಿಗಿಯಾದ ಮೇಲೆ ಹುಟ್ಟಿದ ನೆಲದ ಆಧಾರದ ಮೇಲೆ ಪೌರತ್ವ ಕೇಳುವ ದಾರಿ ಮುಚ್ಚಿತ್ತು.

1999ರ ಡಿಸೆಂಬರ್ 24ರಂದು ಸೈನ್ಯ ಬೆಡಿಯೆಯನ್ನು ಇಳಿಸಿತು. ಜನರಲ್ ರೊಬೆರ್ ಗೇಯಿ ಮೊದಲು ಇವ್ವಾರಿತೆ ಬೇಡ ಅಂದರು. ಆಮೇಲೆ ತಾವೇ ಚುನಾವಣೆಗೆ ನಿಲ್ಲೋ ಆಸೆ ಹುಟ್ಟಿತು, ಇವ್ವಾರಿತೆ ಅವರಿಗೂ ರುಚಿಸಿತು. 2000ನೇ ಇಸವಿಯ ಹೊಸ ಸಂವಿಧಾನದಲ್ಲಿ ‘ತಂದೆ ಅಥವಾ ತಾಯಿ’ ಅಂತಿರಬೇಕೋ ‘ತಂದೆ ಮತ್ತು ತಾಯಿ’ ಅಂತಿರಬೇಕೋ ಅನ್ನೋದೇ ದೇಶದ ದೊಡ್ಡ ಚರ್ಚೆ. ಫ್ರೆಂಚ್‌ನಲ್ಲಿ ‘ಎ’ ಅಂದರೆ ಮತ್ತು, ‘ಊ’ ಅಂದರೆ ಅಥವಾ. ನಮ್ಮಲ್ಲಿ ‘ತಂದೆಯೂ ತಾಯಿಯೂ’ ಅಂದಾಗ ಕೂಡಿಸುವ ‘ಊ’ ಅಲ್ಲಿ ಬೇರೆ ಮಾಡುತ್ತೆ. ಕೊನೆಗೆ ಜುಲೈನ ಜನಮತಗಣನೆಗೆ ಹೋದದ್ದು ‘ಎ’. ವಾತಾರಾ ಮತ್ತೆ ಹೊರಗೆ. ಬೆಡಿಯೆಯೂ ಹೊರಗೆ! ಅಕ್ಟೋಬರ್ ಚುನಾವಣೆಯಲ್ಲಿ ಗೇಯಿ ವಿರುದ್ಧ ಗೆದ್ದವರು ಬೆಟೆ ಸಮುದಾಯದ ಲೊರಾಂ ಬಾಗ್ಬೊ, ವೃತ್ತಿಯಿಂದ ಇತಿಹಾಸದ ಪ್ರಾಧ್ಯಾಪಕರು. ಅವರೂ ಆ ಜರಡಿಯನ್ನು ಕೆಳಗಿಡಲಿಲ್ಲ.

2002ರ ಸೆಪ್ಟೆಂಬರ್ 19ರಂದು ಬಂಡಾಯ ಶುರುವಾಗಿ ದೇಶ ಎರಡು ಭಾಗವಾಯಿತು. ಬಂಡಾಯಗಾರರ ನಾಯಕ, ಮಾಜಿ ವಿದ್ಯಾರ್ಥಿ ಮುಖಂಡ ಗಿಯೋಮ್ ಸೊರೊ, ಬೇಡಿಕೆಗಳಲ್ಲಿ ಮುಂದಿಟ್ಟದ್ದು ಗುರುತಿನ ಚೀಟಿಯ ವಿಷಯವನ್ನೇ. 2007ರ ವಾಗಾಡುಗು ಒಪ್ಪಂದದ ತಿರುಳೂ ಅದೇ: ನ್ಯಾಯಾಧೀಶರು ಊರೂರಿಗೆ ಹೋಗಿ ಸಂಚಾರಿ ಕೋರ್ಟ್ ನಡೆಸಿ, ಜನನ ಪ್ರಮಾಣಪತ್ರ ಇಲ್ಲದವರಿಗೆ ಅದನ್ನು ಕೊಡಬೇಕು, ಅದರ ಮೇಲೆ ಮತದಾರರ ಪಟ್ಟಿ ಮಾಡಬೇಕು. ಬಂದೂಕು ಒಪ್ಪಿಸೋದಕ್ಕಿಂತ ಈ ಕಾಗದದ ಕೆಲಸವೇ ಹೆಚ್ಚು ಜಗಳಕ್ಕೆ ಕಾರಣವಾಯಿತು ಅಂದರೆ ಅತಿಶಯವಲ್ಲ.

2010ರ ಚುನಾವಣೆ ‘ಸಮುದಾಯವೇ ಹಣೆಬರಹ’ ಅನ್ನುವವರಿಗೆ ಉತ್ತರ. ಮೊದಲ ಸುತ್ತಿನಲ್ಲಿ ಮೂರನೆಯವರಾದ ಬೆಡಿಯೆ ಎರಡನೇ ಸುತ್ತಿನಲ್ಲಿ ಬೆಂಬಲಿಸಿದ್ದು ಯಾರನ್ನು? ತಾವೇ ಪರದೇಶಿ ಮಾಡಿದ್ದ ವಾತಾರಾರನ್ನು. ಬಾವುಲೆ ಮತದಾರರು ದೊಡ್ಡ ಸಂಖ್ಯೆಯಲ್ಲಿ ಅವರ ಹಿಂದೆ ಹೋದರು. ಚುನಾವಣಾ ಆಯೋಗ ವಾತಾರಾಗೆ ಶೇ. 54 ಅಂದಿತು. ಸಂವಿಧಾನ ಮಂಡಳಿ ಉತ್ತರದ ಹಲವು ಜಿಲ್ಲೆಗಳ ಮತ ರದ್ದು ಮಾಡಿ ಬಾಗ್ಬೊ ಗೆದ್ದರು ಅಂದಿತು. 2011ರ ಏಪ್ರಿಲ್ 11ರಂದು ಬಾಗ್ಬೊ ಬಂಧನವಾಗುವ ಹೊತ್ತಿಗೆ ಸುಮಾರು 3,000 ಜನ ಸತ್ತಿದ್ದರು. ಎರಡೂ ಕಡೆಯವರು ಕೊಂದಿದ್ದರು. ಹೇಗ್‌ನ ಅಂತರರಾಷ್ಟ್ರೀಯ ಕೋರ್ಟ್‌ಗೆ ಹೋದದ್ದು ಬಾಗ್ಬೊ ಕಡೆಯವರು ಮಾತ್ರ. 2019ರಲ್ಲಿ ಬಾಗ್ಬೊ ಖುಲಾಸೆಯಾದರು. ಗೆದ್ದವರ ನ್ಯಾಯ ಅನ್ನೋ ದೂರು ಇಂದಿಗೂ ಉಳಿದಿದೆ.

2013ರ ಕಾಯ್ದೆ ಹಳೆಯ ವಲಸಿಗರ ಮಕ್ಕಳಲ್ಲಿ ಕೆಲವರಿಗೆ ಘೋಷಣೆಯ ಮೂಲಕ ಪೌರತ್ವ ಪಡೆಯಲು ಸೀಮಿತ ಅವಕಾಶ ಕೊಟ್ಟಿತು. 2016ರ ಸಂವಿಧಾನದಲ್ಲಿ ಕೊನೆಗೂ ‘ಎ’ ಹೋಗಿ ‘ಊ’ ಬಂತು: ತಂದೆ ಅಥವಾ ತಾಯಿ. ಆದರೆ ಜರಡಿ ಮಾತ್ರ ಮೂಲೆ ಸೇರಲಿಲ್ಲ. ಬೆಡಿಯೆಯವರ ಪಕ್ಷದ ಈಗಿನ ನಾಯಕ ತಿಜಾನ್ ತಿಯಾಮ್ ಹುಟ್ಟಿದ್ದು ಅಬಿಜಾನ್‌ನಲ್ಲಿ. ಓದಲು ಫ್ರಾನ್ಸ್‌ಗೆ ಹೋಗಿ 1987ರಲ್ಲಿ ಅಲ್ಲಿನ ಪೌರತ್ವ ಪಡೆದರು, ಚುನಾವಣೆಗಾಗಿ 2025ರ ಮಾರ್ಚ್‌ನಲ್ಲಿ ಅದನ್ನು ಬಿಟ್ಟರು. ಬೇರೆ ಪೌರತ್ವ ಸ್ವ-ಇಚ್ಛೆಯಿಂದ ಪಡೆದ ದಿನವೇ ಐವರಿಯನ್ ಪೌರತ್ವ ಹೋಯಿತು ಅಂತ ಏಪ್ರಿಲ್‌ನಲ್ಲಿ ಕೋರ್ಟ್ ಅವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯಿತು. ವಿದೇಶದಲ್ಲಿರುವ ನಮಗೆ ಈ ನಿಯಮ ಹೊಸದಲ್ಲ, ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳೋದೂ ಇದನ್ನೇ. ಅಕ್ಟೋಬರ್‌ನ ಮತಪತ್ರದಲ್ಲಿ ತಿಯಾಮ್ ಹೆಸರಿರಲಿಲ್ಲ, ಬಾಗ್ಬೊ ಹೆಸರೂ ಇರಲಿಲ್ಲ. ಒಂದು ಕಾಲದಲ್ಲಿ ಕಾಗದ ಸರಿಯಿಲ್ಲ ಅಂತ ಹೊರಗೆ ನಿಂತಿದ್ದ ವಾತಾರಾ ನಾಲ್ಕನೇ ಅವಧಿಗೆ ಆಯ್ಕೆಯಾದರು.