ಒಂದೇ ಹಲ್ಲಿಗೆ ಮೂರು ಎಕ್ಸ್‌ರೇ ಬೇಕೆ?

ಪ್ರಶ್ನೆ: ಮೇಲಿನ ಸಾಲಿನ ಹಲ್ಲು ನೋವೆಂದು ದಂತವೈದ್ಯರ ಬಳಿ ಹೋಗಿದ್ದೆ. ಬಾಯೊಳಗೆ ಚಿಕ್ಕದೊಂದು ಬಿಲ್ಲೆಯಂಥದ್ದನ್ನು ಇಟ್ಟು, ‘ನೀವೇ ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ’ ಎಂದು ಹೇಳಿ, ತಾವು ಬಾಗಿಲಾಚೆ ಹೋಗಿ ಎಕ್ಸ್‌ರೇ ತೆಗೆದರು. ಆಮೇಲೆ ಅದೇ ಹಲ್ಲಿನದು ಇನ್ನೊಂದು. ಕೊನೆಗೆ ‘ಓಪಿಜಿ ಮಾಡಿಸ್ಕೊಂಡು ಬನ್ನಿ’ ಎಂದರು. ಇಷ್ಟೆಲ್ಲ ಬೇಕೆ? ಅಪಾಯವಿಲ್ಲ ಅಂದಮೇಲೆ ಅವರು ಹೊರಗೆ ಹೋದದ್ದೇಕೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಎಕ್ಸ್‌ರೇ ಪಟ ಎಂದರೆ ಹಲ್ಲಿನ ನೆರಳು. ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಕೆನ್ನೆಯ ಹೊರಗಿನ ಯಂತ್ರದಿಂದ ಹೊರಟ ಕಿರಣ ಹಲ್ಲು, ಮೂಳೆಗಳನ್ನು ಹಾದು ಬಾಯೊಳಗಿನ ಫಿಲ್ಮಿನ ಮೇಲೆ ಬೀಳುತ್ತದೆ. ಈಗ ಬಹಳ ಕಡೆ ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂದಿದೆ. ವೈದ್ಯರ ಬಾಯಲ್ಲಿ ಅದು ‘ಆರ್‌ವಿಜಿ’. ಹಲ್ಲಿನ ಹೊರಪದರವಾದ ಎನಾಮೆಲ್‌ನ ತೂಕದಲ್ಲಿ ಶೇಕಡ 96ರಷ್ಟು ಖನಿಜವೇ. ಅದು ಕಿರಣವನ್ನು ಚೆನ್ನಾಗಿ ತಡೆಯುವುದರಿಂದ ಪಟದಲ್ಲಿ ಬೆಳ್ಳಗೆ ಕಾಣುತ್ತದೆ. ಹುಳುಕು ಹಿಡಿದು ಖನಿಜ ಕರಗಿದ ಜಾಗ, ಬೇರಿನ ತುದಿಯಲ್ಲಿ ಸೋಂಕಾಗಿ ಮೂಳೆ ಸವೆದ ಜಾಗ ಕಪ್ಪಾಗಿ ಕಾಣುತ್ತವೆ.

ನೆರಳನ್ನು ನಂಬುವುದು ಸುಲಭವಲ್ಲ. ಬೆಳಗ್ಗೆ ಅಂಗಳದಲ್ಲಿ ನಿಂತರೆ ನಮ್ಮ ನೆರಳು ತೆಂಗಿನ ಮರದಷ್ಟು ಉದ್ದ, ನಡುಮಧ್ಯಾಹ್ನ ಕಾಲಬುಡದಲ್ಲಿ ಗಿಡ್ಡ. ಹಲ್ಲಿನ ಕತೆಯೂ ಇದೇ. ಯಂತ್ರದ ಮೂತಿಯನ್ನು ತೀರಾ ಮೇಲಿನಿಂದ ಇಳಿಜಾರಾಗಿ ಹಿಡಿದರೆ ಬೇರು ಮೊಟಕಾಗಿ ಮೂಡುತ್ತದೆ. ತೀರಾ ಅಡ್ಡಡ್ಡ ಹಿಡಿದರೆ ಉದ್ದವಾಗುತ್ತದೆ. ರೂಟ್ ಕೆನಾಲ್ ಮಾಡುವವರಿಗೆ ಬೇರಿನ ಉದ್ದದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ತೊಂದರೆಯೇ.

ಈ ಕೋನವನ್ನು ಸರಿಹಿಡಿಯಲು ಎರಡು ದಾರಿಗಳಿವೆ. ಅಂಗುಳ ಇಳಿಜಾರಾಗಿರುವುದರಿಂದ ಬೆರಳಲ್ಲಿ ಒತ್ತಿದ ಫಿಲ್ಮು ಹಲ್ಲಿಗೆ ಓರೆಯಾಗಿ ಕೂರುತ್ತದೆ. ಆಗ ಹಲ್ಲು ಮತ್ತು ಫಿಲ್ಮಿನ ನಡುವಿನ ಕೋನವನ್ನು ಸಮಭಾಗ ಮಾಡುವ ಗೆರೆಯೊಂದನ್ನು ವೈದ್ಯರು ಮನಸ್ಸಿನಲ್ಲೇ ಎಳೆದುಕೊಂಡು, ಕಿರಣವನ್ನು ಅದಕ್ಕೆ ನೇರವಾಗಿ ಲಂಬದಲ್ಲಿ ಬಿಡುತ್ತಾರೆ. ನೆರಳಿನ ಉದ್ದ ಹಲ್ಲಿನ ಉದ್ದಕ್ಕೆ ಸರಿಹೋಗುತ್ತದೆ. ಪೋಲೆಂಡಿನ ದಂತವೈದ್ಯ ಆಂಟೊನಿ ಚೆಶಿನ್ಸ್ಕಿ 1907ರಲ್ಲಿ ಹೇಳಿದ ಸೂತ್ರವಿದು. ನಿಮಗೆ ಮಾಡಿದ್ದು ಬಹುಶಃ ಇದನ್ನೇ. ಇನ್ನೊಂದು ದಾರಿಯಲ್ಲಿ ಪ್ಲಾಸ್ಟಿಕ್ ಹೋಲ್ಡರನ್ನು ಕಚ್ಚಿಸಿ ಫಿಲ್ಮನ್ನು ಹಲ್ಲಿಗೆ ಸಮಾಂತರವಾಗಿ ನಿಲ್ಲಿಸುತ್ತಾರೆ. ಅಳತೆ ಹೆಚ್ಚು ನಿಖರ, ಆದರೆ ಫಿಲ್ಮು ಹಲ್ಲಿನಿಂದ ತುಸು ದೂರ ಉಳಿಯುತ್ತದೆ. ತೊಗಲುಬೊಂಬೆಯನ್ನು ಪರದೆಯಿಂದ ಹಿಂದಕ್ಕೆಳೆದರೆ ನೆರಳು ಹಿಗ್ಗಿ ಮಸುಕಾಗುತ್ತದಲ್ಲ, ಹಾಗೆ ಇಲ್ಲೂ ಆಗುತ್ತದೆ. ಅದಕ್ಕೇ ಈ ವಿಧಾನದಲ್ಲಿ ಉದ್ದ ಮೂತಿಯ ಯಂತ್ರ ಬಳಸಿ ಕಿರಣದ ಮೂಲವನ್ನೂ ದೂರಕ್ಕೆ ಒಯ್ಯುತ್ತಾರೆ.

ಇನ್ನು ಎರಡನೆಯ ಪಟ. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹಿಂದಿನ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು: ಒಂದು ಕೆನ್ನೆಯ ಕಡೆ, ಒಂದು ಅಂಗುಳದ ಕಡೆ. ನೇರವಾಗಿ ತೆಗೆದ ಪಟದಲ್ಲಿ ಎರಡೂ ಒಂದರ ಹಿಂದೊಂದು ಅಡಗಿ ಒಂದೇ ಬೇರಿನಂತೆ ಕಾಣುತ್ತವೆ. ಯಂತ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ತೆಗೆದರೆ ಬಿಡಿಬಿಡಿಯಾಗುತ್ತವೆ. ಯಾವುದು ಯಾವ ಕಡೆಯದೆಂದು ತಿಳಿಯಲು, ಬಸ್ಸಿನ ಕಿಟಕಿಯ ನೋಟ ನೆನೆಸಿಕೊಳ್ಳಿ. ರಸ್ತೆಬದಿಯ ಮರ ಹಿಂದಕ್ಕೆ ಓಡುತ್ತದೆ, ದೂರದ ಬೆಟ್ಟ ನಮ್ಮ ಜೊತೆಗೇ ಬರುತ್ತದೆ. ಯಂತ್ರ ಸರಿದ ದಿಕ್ಕಿಗೇ ಸರಿದದ್ದು ಅಂಗುಳದ ಬೇರು, ಎದುರು ದಿಕ್ಕಿಗೆ ಹೋದದ್ದು ಕೆನ್ನೆಯ ಬೇರು. ಒಂದೇ ಪಟದಲ್ಲಿ ಇದು ತಿಳಿಯುವುದಿಲ್ಲ.

ಓಪಿಜಿಯ ಕೆಲಸ ಬೇರೆ. ಬಾಯೊಳಗಿನ ಪಟದಲ್ಲಿ ಮೂರೋ ನಾಲ್ಕೋ ಹಲ್ಲು ಮಾತ್ರ ಕಂಡರೆ, ಓಪಿಜಿಯಲ್ಲಿ ಯಂತ್ರ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಪಟದಲ್ಲಿ ಬಿಡಿಸಿಡುತ್ತದೆ. ಮೂಳೆಯೊಳಗೆ ಅಡ್ಡಬಿದ್ದ ಬುದ್ಧಿಹಲ್ಲು, ಗಂಟು, ಮುರಿತಗಳನ್ನು ನೋಡಲು ಅದು ಅನುಕೂಲ. ಸಣ್ಣ ಹುಳುಕು ನೋಡಲು ಬಾಯೊಳಗಿನ ಪಟವೇ ಮೇಲು. ಓಪಿಜಿಯಲ್ಲಿ ಕುದುರೆ ಲಾಳದ ಆಕಾರದ ಒಂದು ಪದರ ಮಾತ್ರ ಸ್ಪಷ್ಟವಾಗಿ ಮೂಡುವುದರಿಂದ, ಗದ್ದ ಊರಿ ಕಡ್ಡಿ ಕಚ್ಚಿ ಅಲ್ಲಾಡದೆ ನಿಲ್ಲಿ ಎನ್ನುತ್ತಾರೆ. ಓಲೆ ತೆಗೆಯಿರಿ ಎನ್ನುವುದಕ್ಕೂ ಕಾರಣವಿದೆ. ಎಡಗಿವಿಯ ಓಲೆ ಬಲಗಡೆ ಇನ್ನಷ್ಟು ಮೇಲೆ ದೊಡ್ಡದಾಗಿ, ಮಸುಕಾಗಿ ಭೂತದಂತೆ ಮೂಡಿ, ಅಲ್ಲಿ ನೋಡಬೇಕಾದ್ದನ್ನು ಮುಚ್ಚಿಬಿಡುತ್ತದೆ.

ಈಗ ಬಾಗಿಲಾಚೆ ಹೋದ ವೈದ್ಯರ ವಿಷಯ. ರಾಂಟ್ಜನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳಲ್ಲಿ ಜರ್ಮನಿಯ ಒಟ್ಟೊ ವಾಲ್ಕ್‌ಹಾಫ್ ತಮ್ಮದೇ ಹಲ್ಲಿನ ಪಟ ತೆಗೆದರು; ಅದಕ್ಕೆ ಅವರು ಕಿರಣಕ್ಕೆ ಬಾಯೊಡ್ಡಿದ್ದು 25 ನಿಮಿಷ. ಈಗ ಸೆಕೆಂಡಿನ ಒಂದು ಪಾಲು ಸಾಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು ವರ್ಷಗಟ್ಟಲೆ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿ ದುಡಿದರು. ಬೆರಳುಗಳಿಗೆ ಕ್ಯಾನ್ಸರ್ ಬಂತು, ಕೊನೆಗೆ ತೋಳನ್ನೂ ಕಳೆದುಕೊಂಡು 1928ರಲ್ಲಿ ತೀರಿಕೊಂಡರು. ವೈದ್ಯರು ನಿಮ್ಮ ಬಾಯೊಳಗೆ ತಾವು ಬೆರಳಿಡದ್ದು ಇದಕ್ಕೇ.

ಸಾಮಾನ್ಯವಾಗಿ ಬಾಯೊಳಗಿನ ಒಂದು ಪಟದಿಂದ ಮೈಗೆ ತಗಲುವ ವಿಕಿರಣ 10 ಮೈಕ್ರೊಸೀವರ್ಟ್‌ಗಿಂತ ಕಡಿಮೆ. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ನಮಗೆ ವರ್ಷಕ್ಕೆ ತಾನಾಗಿ ತಗಲುವುದರ ಜಾಗತಿಕ ಸರಾಸರಿ 2,400 ಮೈಕ್ರೊಸೀವರ್ಟ್, ಅಂದರೆ ದಿನಕ್ಕೆ ಆರೂವರೆಯಷ್ಟು. ನಿಮ್ಮ ಒಂದು ಪಟ ಒಂದೆರಡು ದಿನದ ಲೆಕ್ಕ. ಓಪಿಜಿ ಕೆಲವು ದಿನದ್ದು. ನೀವು ವರ್ಷದಲ್ಲಿ ಒಂದೆರಡು ಸಲ ಆ ಕುರ್ಚಿಯಲ್ಲಿ ಕೂರುತ್ತೀರಿ. ವೈದ್ಯರು ಅದರ ಪಕ್ಕದಲ್ಲೇ ವರ್ಷಪೂರ್ತಿ ಇರುತ್ತಾರೆ. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ನಾಲ್ಕರಲ್ಲಿ ಒಂದಕ್ಕೆ ಇಳಿಯುವುದರಿಂದ ಅವರಿಗೆ ಆರಡಿ ದೂರ, ಒಂದು ಗೋಡೆ ದೊಡ್ಡ ರಕ್ಷಣೆ.

ಕಡಿಮೆ ಎಂದ ಮಾತ್ರಕ್ಕೆ ಬೇಕಾಬಿಟ್ಟಿ ತೆಗೆಸಬಾರದು. ಯಾವುದಕ್ಕಾಗಿ ತೆಗೆಯುತ್ತಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಹಲ್ಲಿನ ಸಣ್ಣ ಬಿರುಕು, ಆರಂಭದ ಹುಳುಕು, ಒಸಡಿನ ಊತ ನೆರಳಿನಲ್ಲಿ ಕಾಣದೇ ಹೋಗಬಹುದು. ಪಟ ಚೆನ್ನಾಗಿದ್ದೂ ನೋವು ಉಳಿದರೆ ಮತ್ತೆ ತೋರಿಸಿ. ನಿಮ್ಮ ಈ ಮೂರು ಪಟಗಳನ್ನು ಜೋಪಾನವಾಗಿಟ್ಟುಕೊಂಡು, ಬೇರೆ ವೈದ್ಯರ ಬಳಿ ಹೋದರೆ ಮೊದಲು ಅವನ್ನೇ ತೋರಿಸಿ. ನಾಲ್ಕನೆಯದು ಬೇಡವಾಗಬಹುದು.